ಒಳ್ಳೇ ದಿನ ನೋಡಿ ಹಾಕಿದ ಅರ್ಜಿ

ಸೋಣೆ ತಿಂಗಳು ಎಂದರೇನೆಂದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ, ಅದೂ ಲಂಡನ್ನಿನ ಹ್ಯಾರೋದಲ್ಲಿ, ನಮ್ಮದೇ ಅಡುಗೆಮನೆಯಲ್ಲಿ. ಫ್ರಿಜ್ಜಿನ ಪಕ್ಕದ ಮೊಳೆಗೆ ನೇತುಬಿದ್ದಿರುವ ಪಂಚಾಂಗ ನನ್ನದಲ್ಲ. ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿರುವ ದೇವದಾಸರದು. ಅಡುಗೆಮನೆ ಎರಡು ಸಂಸಾರಕ್ಕೂ ಒಂದೇ. ಹಾಗಾಗಿ ನಾನು ಬೆಳಿಗ್ಗೆ ಕಾಫಿಗೆ ಡಿಕಾಕ್ಷನ್ ಇಳಿಸುವಷ್ಟರಲ್ಲಿ ಅವರ ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ನನ್ನ ಕಿವಿಗೆ ಬಿದ್ದಿರುತ್ತದೆ.

ನಾನು ಕಾಮಾಕ್ಷಿ, ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮಲ್ಲಿ ಆಷಾಢವೊಂದು ಕಳೆದರೆ ಸಾಕು, ಶ್ರಾವಣದಿಂದ ಎಲ್ಲ ಶುಭ. ಕುಂದಾಪುರದವರಿಗೆ ಹಾಗಲ್ಲವಂತೆ. ಆಸಾಡಿ ಹೋದರೆ ಸೋಣೆ, ಸೋಣೆಯ ಬಾಲ ಹಿಡಿದು ಪಿತೃಪಕ್ಷ. ದೇವದಾಸರ ಪ್ರಕಾರ ಮೂರರಲ್ಲೂ ಹೊಸ ಕೆಲಸಕ್ಕೆ ಕೈ ಹಾಕಬಾರದು. "ಹಾಗಾದ್ರೆ ನಿಮ್ಮೂರಲ್ಲಿ ಜನ ಉಸಿರಾಡೋದು ಯಾವ ತಿಂಗಳು ರೀ?" ಎಂದು ಕೇಳಿದ್ದೆ. ಆ ಮನುಷ್ಯ ನಗಲಿಲ್ಲ. ಪಂಚಾಂಗದ ವಿಷಯದಲ್ಲಿ ಅವರಿಗೆ ನಗು ಬರುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಮುಂದೆ ಅಲ್ಲಲ್ಲಿ ಅವರನ್ನು ಬೈದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೇಳಬೇಕಾಗಿರುವುದು ಅವರ ಹೆಂಡತಿ ಪುಷ್ಪಾವತಿಯ ವಿಷಯ.

ಪುಷ್ಪಾವತಿ ಕುಂದಾಪುರದ ಹತ್ತಿರ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಮಗಳನ್ನು ಸಾಕಿದವಳು. ಮಗಳು ಪ್ರೇಕ್ಷಾ ಇನ್ನೂ ಮೂರನೇ ಕ್ಲಾಸಿನಲ್ಲಿದ್ದಾಗ ಮೊದಲ ಗಂಡ ಜ್ವರ ಬಂದು ತೀರಿಕೊಂಡ. ಗೇರಿನ ಎಣ್ಣೆ ತಾಗಿ ಕಪ್ಪಾಗಿದ್ದ ಬೆರಳುಗಳು ಈಗ ಬಿಳುಪಾಗಿವೆ. ಆದರೂ ಯಾರಾದರೂ ಕೈ ನೋಡಿದರೆ ಇವತ್ತಿಗೂ ಸರಕ್ಕನೆ ಶಾಲಿನೊಳಗೆ ಎಳೆದುಕೊಳ್ಳುತ್ತಾಳೆ. ಪ್ರೇಕ್ಷಾ ಕಾಲೇಜು ಮುಗಿಸುವ ಹೊತ್ತಿಗೆ ದೇವದಾಸರ ಸಂಬಂಧ ಬಂತು. ಹರೆಯದಲ್ಲೇ ಲಂಡನ್ನಿನ ಹೋಟೆಲೊಂದಕ್ಕೆ ಪಾತ್ರೆ ತೊಳೆಯಲು ಬಂದು, ಅಡುಗೆಭಟ್ಟರಾಗಿ, ಇಲ್ಲಿನ ಪೌರತ್ವವನ್ನೂ ಪಡೆದು, ಮದುವೆಯಾಗುವುದನ್ನು ಮಾತ್ರ ಮರೆತಿದ್ದ ಮನುಷ್ಯ. ಒಳ್ಳೆಯ ದಿನ ಸಿಕ್ಕಿರಲಿಕ್ಕಿಲ್ಲ.

ಮಗಳು ಕೆಂಡವಾದಳು. "ಈ ಪ್ರಾಯದಂಗೆ ನಿಂಗ್ ಮದಿ ಬೇಕಾ? ನಾ ಊರಂಗೆ ತಲಿ ಎತ್ತ್‌ಕಂಡ್ ತಿರ್ಗುದ್ ಹ್ಯಾಂಗೆ?" ಎಂದಳಂತೆ. ಪುಷ್ಪಾವತಿ ಅತ್ತಳು, ಆದರೂ ಮದುವೆಯಾದಳು. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅಮ್ಮ, ಅಷ್ಟ್ ವರ್ಷದಂಗೆ 'ಊಟ ಆಯ್ತಾ' ಅಂದೇಳಿ ನನ್ನ್ ಕೇಂಡದ್ ಇವ್ರೊಬ್ರೇ" ಎಂದಳು. ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಪ್ರೇಕ್ಷಾ ಅಜ್ಜಿಯ ಜೊತೆ ಉಳಿದಳು. ದೇವದಾಸರ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಯಾವಾಗಲೂ 'ಆ ಮನ್ಷ'. ಎರಡು ವರ್ಷದ ಹಿಂದೆ ಹಡಗಿನಲ್ಲಿ ಕೆಲಸ ಮಾಡುವ ರಜತ್‌ನೊಂದಿಗೆ ನಡೆದ ಅವಳ ಮದುವೆಗೆ ಪುಷ್ಪಾವತಿ ಒಬ್ಬಳೇ ಹೋಗಿ ಬಂದಳು. ಆ ಮನುಷ್ಯನಿಗೆ ಕರೆಯೋಲೆ ಬರಲಿಲ್ಲ.

ಇಲ್ಲಿ ಪುಷ್ಪಾವತಿಗೆ ಪಾರ್ಕ್ ರಾಯಲ್‌ನಲ್ಲಿ ಕೆಲಸ. ಇಡ್ಲಿ ದೋಸೆ ಹಿಟ್ಟು ರುಬ್ಬಿ ಡಬ್ಬಿಗೆ ತುಂಬಿಸಿ ಊರೆಲ್ಲ ಅಂಗಡಿಗಳಿಗೆ ಕಳಿಸುವ ಕಾರ್ಖಾನೆ. ತಲೆಗೆ ಬಲೆ, ಕಾಲಿಗೆ ರಬ್ಬರ್ ಬೂಟು ಹಾಕಿ ನಿಂತ ಅವಳ ಫೋಟೋ ನೋಡಬೇಕು, ಥೇಟ್ ಪೊಲೀಸ್ ಇನ್ಸ್‌ಪೆಕ್ಟರ್. ಸಂಬಳ ತನ್ನ ಹೆಸರಿನ ಬ್ಯಾಂಕ್ ಖಾತೆಗೆ ಬಿದ್ದ ಮೊದಲ ದಿನ ನನಗೂ ಲಾಡು ತಿನ್ನಿಸಿದ್ದಳು. ದೇವದಾಸರ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ಅವರ ಹೋಟೆಲ್ ಕೆಲಸ ವಾರದಲ್ಲಿ ಮೂರು ದಿನಕ್ಕೆ ಇಳಿಯಿತು. ಮನೆ ನಡೆಯುವುದು ಹೆಚ್ಚುಕಡಿಮೆ ಇವಳ ದುಡಿಮೆಯಿಂದಲೇ. ಅವರ ಮಾತ್ರೆ ತೆಗೆದುಕೊಡುವವಳು, ಆಸ್ಪತ್ರೆಗೆ ಕರೆದೊಯ್ಯುವವಳು, ರಾತ್ರಿ ಉಸಿರು ಸರಿಯಾಗಿ ಬರುತ್ತಿದೆಯೇ ಎಂದು ಎದ್ದು ನೋಡುವವಳು ಇವಳೇ.

ಕಳೆದ ಜುಲೈಯಲ್ಲಿ ಪ್ರೇಕ್ಷಾಳ ಫೋನ್ ಬಂತು. ತಾಯಿಗೆ ಅವಳಾಗಿ ಫೋನ್ ಮಾಡುವುದೇ ಅಪರೂಪ. ಪುಷ್ಪಾವತಿ ನನ್ನೆದುರೇ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಅಮ್ಮ, ನಾ ಬಸ್ರಿ. ಬಾಣ್ತನಕ್ ಬತ್ಯಾ?"

ಸೊಪ್ಪು ಕೈಯಿಂದ ಜಾರಿತು. "ಬತ್ತೆ ಮಗಾ. ಬರ್ದೇ ಇಪ್ಪುದಾ?"

"ಅಜ್ಜಿ ತೀರ್ಕಂಡ್ರ್. ಇಲ್ಲಿ ಅತ್ತಿಯೂ ಇಲ್ಲೆ. ರಜತ್ ಹಡಗ್ ಹತ್ತ್‌ರೆ ಆರ್ ತಿಂಗ್ಳ್ ಕಾಂಬುಕ್ ಸಿಕ್ಕುದಿಲ್ಲೆ. ಒಂದ್ಸಲ ನನ್ನ್ ಬಿಟ್ಟ್ ಹೋಯ್ದೆ. ಈ ಸಲ ಬರ್ದಿದ್ರೆ ಇನ್ ಯಾವತ್ತೂ ಬಪ್ದ್ ಬ್ಯಾಡ."

ಮೊದಲ ಬಾಣಂತನ ತಾಯಿಯ ಕೈಯಲ್ಲಾಗಬೇಕು. ಬೆಂಗಳೂರಾಗಲಿ ಕುಂದಾಪುರವಾಗಲಿ, ಇದಕ್ಕೆ ಪಂಚಾಂಗ ನೋಡುವ ಅಗತ್ಯವಿಲ್ಲ. ಹೆರಿಗೆ ಜನವರಿ ಕೊನೆಗೆ. ಪುಷ್ಪಾವತಿ ಅವತ್ತು ರಾತ್ರಿ ಹಳೇ ಕಾಟನ್ ಸೀರೆಗಳನ್ನೆಲ್ಲ ಹುಡುಕಿ ಮಡಚಿಟ್ಟಳು, ಮಗುವಿನ ಬಟ್ಟೆಗೆಂದು.

ಅದೇ ವಾರ ವಂದನಾ ಮನೆಗೆ ಬಂದಳು. ನನ್ನ ಗೆಳತಿಯ ಮಗಳು, ವೀಸಾ ಕೇಸು ನೋಡುವ ವಕೀಲೆ. ಪುಷ್ಪಾವತಿ ಹೆಂಡತಿಯ ವೀಸಾದಲ್ಲಿ ಬಂದು ಐದು ವರ್ಷವಾಗುತ್ತಿತ್ತು. ಇನ್ನು ಖಾಯಂ ಆಗಿ ಉಳಿಯಲು ಅರ್ಜಿ ಹಾಕಬಹುದಿತ್ತು. ಹಳೆಯ ವೀಸಾ ಅಕ್ಟೋಬರ್ ಮೊದಲ ವಾರಕ್ಕೆ ಮುಗಿಯುತ್ತದೆ.

"ಈಗಲೇ ಹಾಕಿಬಿಡಿ ಆಂಟಿ," ಎಂದಳು ವಂದನಾ. "ತೀರ್ಮಾನ ಬರೋಕೆ ಆರು ತಿಂಗಳಾಗಬಹುದು. ಒಂದು ನೆನಪಿಡಿ. ಅದು ಪೆಂಡಿಂಗ್ ಇರೋವಾಗ ಇಂಡಿಯಾಗೆ ಹೋದ್ರೆ, ಅರ್ಜಿ ನೀವೇ ವಾಪಸ್ ತಗೊಂಡ ಹಾಗೆ ಲೆಕ್ಕ. ಈಗ ಹಾಕಿದ್ರೆ ಹೆರಿಗೆ ಹೊತ್ತಿಗೆ ಕೈ ಸೇರುತ್ತೆ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಅರ್ಜಿ ಹಾಕುತ್ತಾರೆ. ದೇವದಾಸರು ಪಂಚಾಂಗ ತೆಗೆದರು.

"ಆಸಾಡಿ ಬತ್ತಾ ಇತ್ತಲೆ. ಆಸಾಡಿಯಂಗೆ ಇಂಥ ಅರ್ಜಿ ಹಾಕುದಾ? ಕಳಿಲಿ."

ನಾನು ಬೈದೆ. ವಂದನಾ ಗೋಗರೆದಳು. ಪುಷ್ಪಾವತಿ ಗಂಡನ ಮುಖ ನೋಡಿ ಸುಮ್ಮನಾದಳು. ಅವರ ಹೆದರಿಕೆ ಅವಳಿಗೆ ಗೊತ್ತಿತ್ತು. ಹರೆಯದಲ್ಲಿ ಅವರು ಇಲ್ಲಿ ಉಳಿಯಲು ಹಾಕಿದ್ದ ಮೊದಲ ಅರ್ಜಿ ತಿರಸ್ಕಾರವಾಗಿ ಊರಿಗೆ ಹೋಗಿ ಕೂರಬೇಕಾಗಿ ಬಂದಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅದನ್ನು ಅಂಚೆಗೆ ಹಾಕಿದ್ದು ಅಮಾವಾಸ್ಯೆಯ ದಿನವಂತೆ. ಅವತ್ತಿನಿಂದ ಒಂದು ಚಪ್ಪಲಿ ಕೊಳ್ಳುವುದಿದ್ದರೂ ತಿಥಿ ನೋಡುತ್ತಾರೆ. ಸಾಲದ್ದಕ್ಕೆ ಕುಂದಾಪುರದ ರಾಹುಕಾಲ ಬೇರೆ, ಲಂಡನ್ನಿನ ರಾಹುಕಾಲ ಬೇರೆ, ಎರಡನ್ನೂ ತಪ್ಪಿಸಬೇಕು. ದಿನದಲ್ಲಿ ಉಳಿಯುವುದೇ ಒಂದಿಷ್ಟು ಹೊತ್ತು, ಅದರಲ್ಲಿ ಯಮಗಂಡಕಾಲ.

ಆಸಾಡಿ ಕಳೆಯಿತು, ಸೋಣೆ ಬಂತು. ಸೋಣೆ ಕಳೆಯಿತು, ಪಿತೃಪಕ್ಷ ಬಂತು. ಕೊನೆಗೆ ಅರ್ಜಿ ಹಾಕಿದ್ದು ವಿಜಯದಶಮಿಯ ದಿನ, ಹಳೇ ವೀಸಾ ಇನ್ನೇನು ಮುಗಿಯುತ್ತದೆ ಎನ್ನುವಾಗ. ವಂದನಾಳ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಹೂ ಏರಿಸಿ, ದೇವರ ಪಟದ ಮುಂದೆ ಇಟ್ಟು, "ಈಗ ಒತ್ತಿ" ಎಂದಾಗ ಅವಳು ಗುಂಡಿ ಒತ್ತಿದಳು. ಹೆಚ್ಚಿನ ಶುಲ್ಕ ಕಟ್ಟಿದರೆ ಬೇಗ ತೀರ್ಮಾನವಾಗುವ ದಾರಿಯೂ ಇತ್ತು. ದೇವದಾಸರು ಕೈ ಮುಗಿದುಕೊಂಡೇ, "ದಶಮಿ ದಿನ ಹಾಕಿದ್ಕೆ ಮೇಲಿಂದ ಲಂಚ ಎಂತಕ್ಕೆ?" ಎಂದರು. ನನ್ನ ಹಲ್ಲು ಕಟಕಟ ಎಂದಿತು.

ನವೆಂಬರ್ ಹೋಯಿತು. ಡಿಸೆಂಬರ್ ಹೋಯಿತು. ಉತ್ತರವಿಲ್ಲ. ಪ್ರೇಕ್ಷಾ ಈಗ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು, ಮಾತು ಶುರುವಾಗುವುದೇ "ಟಿಕೆಟ್ ಆಯ್ತಾ?" ಎಂದು. "ಆತ್ತ್ ಮಗಾ, ಈ ವಾರ ಮಾಡ್ತೆ" ಎನ್ನುವಳು ಪುಷ್ಪಾವತಿ. ಫೋನ್ ಇಟ್ಟ ಮೇಲೆ ಗೋಡೆ ನೋಡುತ್ತ ಕೂರುವಳು. "ಸುಳ್ಳು ಹೇಳಬೇಡ ಕಣೇ, ನಿಜ ಹೇಳು" ಎಂದು ನಾನು ಗದರಿದರೆ, "ಹೇಳ್ರೆ ಫೋನೂ ಮಾಡುದಿಲ್ಲೆ ಅಮ್ಮ" ಎಂದು ಕಣ್ಣು ಒರೆಸಿಕೊಳ್ಳುವಳು. ಪಾಸ್‌ಪೋರ್ಟ್ ಅವಳ ಕಪಾಟಿನಲ್ಲೇ ಇತ್ತು, ಸೀರೆಗಳ ಕೆಳಗೆ. ಯಾರೂ ಅದನ್ನು ಕಿತ್ತುಕೊಂಡಿರಲಿಲ್ಲ. ಹೀಥ್ರೋಗೆ ಇಳಿಯುವ ವಿಮಾನಗಳು ಪಾರ್ಕ್ ರಾಯಲ್‌ನ ಬಸ್‌ಸ್ಟಾಪಿನಿಂದ ಕಾಣುತ್ತವೆ. ಬಸ್ಸು ಬಂದು ಹೋದರೂ ತಿಳಿಯದೆ ತಲೆಯೆತ್ತಿ ನಿಂತಿದ್ದಳೆಂದು ಅವಳ ಜೊತೆ ಕೆಲಸ ಮಾಡುವ ಗುಜರಾತಿ ಹೆಂಗಸು ನನಗೆ ಹೇಳಿದಳು.

ಜನವರಿಯ ಒಂದು ಭಾನುವಾರ. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಮೇಲಿನಿಂದ ಪುಷ್ಪಾವತಿ ಮೆಟ್ಟಿಲನ್ನು ದಡದಡ ಇಳಿದು ಬಂದಳು, ಫೋನು ಕಿವಿಯಲ್ಲೇ ಇತ್ತು. ಪ್ರೇಕ್ಷಾಳಿಗೆ ರಕ್ತದೊತ್ತಡ ವಿಪರೀತ ಏರಿ ಆಸ್ಪತ್ರೆಗೆ ಸೇರಿಸಿದ್ದರು. ಒತ್ತಡ ಇಳಿದರೆ ನಾಳೆ ಬೆಳಿಗ್ಗೆ ಆಪರೇಷನ್, ಇಳಿಯದಿದ್ದರೆ ಯಾವ ಗಳಿಗೆಯಲ್ಲಾದರೂ. ರಜತ್‌ನ ಹಡಗು ಯಾವ ಸಮುದ್ರದಲ್ಲಿತ್ತೋ. ಪಕ್ಕದ ಮನೆಯ ಸುಶೀಲಾಬಾಯಿ ಎಂಬ ಹೆಂಗಸು ಜೊತೆಗಿದ್ದಳಂತೆ, ಅಷ್ಟೆ.

ಸ್ಪೀಕರಿನಲ್ಲಿ ಪ್ರೇಕ್ಷಾಳ ಧ್ವನಿ ಕೇಳಿಸುತ್ತಿತ್ತು. "ಅಮ್ಮ, ನಂಗ್ ಹೆದ್ರಿಕಿ ಆತ್ತ್. ಕಣ್ಣ್ ಮಂಜ್ ಆತ್ತ್. ನೀ ಎಲ್ಲಿದ್ದೆ? ವಿಮಾನ ಹತ್ತಿದ್ಯಾ?"

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಪುಷ್ಪಾವತಿ ಎಲ್ಲವನ್ನೂ ತಡವರಿಸುತ್ತ ಹೇಳಿದಳು: ಅರ್ಜಿ, ಕಾಯುವುದು, ಹೋದರೆ ಮರಳಿ ಬರಲಾಗದ್ದು. ಆಮೇಲೆ ಪ್ರೇಕ್ಷಾ ತಣ್ಣಗೆ ಹೇಳಿದಳು: "ಅವತ್ತೂ ಆ ಮನ್ಷಂಗಾಯಿ ನನ್ನ್ ಬಿಟ್ಟೆ. ಇವತ್ತೂ ಆ ಮನ್ಷಂಗಾಯೇ." ಫೋನು ಕಟ್ಟಾಯಿತು.

ಪುಷ್ಪಾವತಿ ನಿಂತಲ್ಲೇ ನಿಂತಿದ್ದಳು. ಒಗ್ಗರಣೆ ಸೀದು ಹೊಗೆಯೆದ್ದಿತ್ತು. ಇದ್ದಕ್ಕಿದ್ದಂತೆ ಮೇಲಕ್ಕೆ ಓಡಿ, ತಿಂಗಳುಗಳಿಂದ ಕಟ್ಟಿಟ್ಟಿದ್ದ ಚೀಲವನ್ನು ಎಳೆದು ತಂದಳು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತು: ಬಾಣಂತಿ ಲೇಹ್ಯದ ಡಬ್ಬಿ, ಹಳೇ ಸೀರೆಯ ತುಂಡುಗಳು, ಕರಿಮಣಿಯ ಪುಟ್ಟ ಬಳೆ. "ಕಾಮಾಕ್ಷಿಯಮ್ಮ, ಕಾರ್ ತೆಗೀನಿ. ನಾ ಹೋತೆ" ಎಂದಳು.

ನಾನು ವಂದನಾಳಿಗೆ ಫೋನ್ ಮಾಡಿದೆ. ಬೇಗ ತೀರ್ಮಾನಿಸಿ ಎಂದು ಅವಳು ಕಳಿಸಿದ್ದ ಕೋರಿಕೆಗೆ ಇನ್ನೂ ಉತ್ತರ ಬಂದಿರಲಿಲ್ಲ. "ಏರ್‌ಪೋರ್ಟಲ್ಲಿ ಯಾರೂ ತಡೆಯಲ್ಲ ಆಂಟಿ, ಅದೇ ತೊಂದರೆ," ಎಂದಳು. "ಆರಾಮಾಗಿ ಹತ್ತಿಬಿಡಬಹುದು. ಹೋದ ಮೇಲೆ ಈ ಅರ್ಜಿ ಮುಗೀತು, ಹಳೇ ವೀಸಾ ಇಲ್ಲವೇ ಇಲ್ಲ. ಅಲ್ಲಿಂದ ಹೊಸದಾಗಿ ಹಾಕೋಕೆ ಅಂಕಲ್ ಒಬ್ಬರದೇ ಸಂಬಳ ನೋಡ್ತಾರೆ. ಅದು ಸರ್ಕಾರ ಇಟ್ಟಿರೋ ಕನಿಷ್ಠ ಸಂಬಳದ ಮಿತಿಯ ಹತ್ತಿರಕ್ಕೂ ಬರಲ್ಲ."

ಅಂದರೆ ಮಗಳ ಹತ್ತಿರ ಹೋದರೆ ಗಂಡ ಇಲ್ಲಿ ಒಂಟಿ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡು, ಇಲ್ಲಿನ ಡಾಕ್ಟರನ್ನು ಬಿಟ್ಟು ಊರಿನಲ್ಲೇ ನೆಲೆಸಲಾರದ ಗಂಡ. ಹೋಗದಿದ್ದರೆ ಮಗಳು ಇನ್ನಿಲ್ಲ, ಬದುಕಿದ್ದರೂ ಇಲ್ಲ.

ಅಷ್ಟರಲ್ಲಿ ದೇವದಾಸರು ಹೋಟೆಲಿನಿಂದ ಬಂದರು, ಕೋಟಿನ ತುಂಬ ಇಂಗಿನ ವಾಸನೆ. ಚೀಲ ನೋಡಿದರು, ಹೆಂಡತಿಯ ಮುಖ ನೋಡಿದರು.

"ಹೆಣ್ಣಿಗ್ ಎಂತಾಯ್ತ್?"

ಪುಷ್ಪಾವತಿ ಆ ಮಾತಿಗೆ ಸಿಡಿದಳು. ಅಷ್ಟು ವರ್ಷದಲ್ಲಿ ಅವಳು ಗಂಡನ ಮೇಲೆ ಧ್ವನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. "ಎಂತಾಯ್ತಾ? ನಿಮ್ಮ್ ಆಸಾಡಿ ಆಯ್ತ್! ನಿಮ್ಮ್ ಸೋಣೆ ಆಯ್ತ್! ಜುಲೈಯಂಗೆ ಹಾಕಿದ್ರೆ ನಾ ಇಷ್ಟೊತ್ತಿಗೆ ನನ್ ಹೆಣ್ಣಿನ್ ತಲಿ ಬುಡ್ದಂಗೆ ಕೂಕಂಡಿರ್ತಿದ್ದೆ! ಒಳ್ಳೆ ದಿನ ಅಂಬ್ರ್, ಒಳ್ಳೆ ದಿನ! ಯಾರಿಗ್ ಒಳ್ಳೆದಾಯ್ತ್ ಹೇಳಿ?"

ಸಂದರ್ಭ ಸಿಕ್ಕಿದ್ದೇ ತಡ, ನಾನೂ ಸೇರಿಕೊಂಡೆ. ದೇವದಾಸರು ಮೆಟ್ಟಿಲಿನ ಮೇಲೆ ಕೂತು ಶೂ ಬಿಚ್ಚಲು ಹೋದವರು, ಬಿಚ್ಚದೆ ಮತ್ತೆ ಲೇಸು ಕಟ್ಟಿಕೊಂಡರು. "ನಾ ಹೋತೆ" ಎಂದರು.

ಪುಷ್ಪಾವತಿ ನಕ್ಕುಬಿಟ್ಟಳು, ಕೇಳಲು ಸಂಕಟವಾಗುವಂಥ ನಗು. "ನೀವಾ? ಗಂಡ್ಸ್ ಹೋಯಿ ಬಾಣ್ತನ ಮಾಡುದಾ?"

"ಸಾರ್ ಮಾಡುಕ್ ಬತ್ತಿಲ್ಯಾ ನಂಗೆ? ಗಂಜಿ ಬೇಸುಕ್ ಬತ್ತಿಲ್ಯಾ? ಮಗುವಿನ್ ಬಟ್ಟಿ ಒಗೂಕ್ ಕೈ ಇಲ್ಯಾ? ಊರಿಗ್ ಹೋಪುಕೆ ಓಸಿಐ ಕಾರ್ಡ್ ಇತ್ತ್ ನಂಗೆ, ಯಾರದ್ದೂ ಒಪ್ಪಿಗಿ ಬ್ಯಾಡ, ಹೋಯಿ ಬಪ್ಪುಕಾತ್ತ್. ಬಾಣ್ತಿ ಶಿಶುವಿಗ್ ನೀರ್ ಹೊಯ್ದ್ ಮೀಸುಕೆ ಸುಶೀಲಾಬಾಯಿ ಇತ್ರ್."

"ಅವ್ಳ್ ನಿಮ್ಮ್ ಮುಖ ಕಾಂಬುದಿಲ್ಲೆ."

"ಕಾಣ್ದಿದ್ರೆ ಹೊರ್ಗ್ ಕೂಕಂತೆ."

"ಹ್ವಾಯ್, ನಿಮ್ಮ್ ಎದಿ! ಅಷ್ಟ್ ದೂರ ಒಬ್ರೇ..."

"ಮಾತ್ರಿ ಕಟ್ಟ್‌ಕೊಡ್" ಎಂದರು ದೇವದಾಸರು.

ಅವಳು ಒಪ್ಪಲಿಲ್ಲ. ತಾಯಿ ಬೇಕೆಂದು ಕೂಗಿದವಳ ಎದುರಿಗೆ ಇವರು ಹೋಗಿ ನಿಂತರೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಎಂದಳು. ಅದೂ ನಿಜವೇ. ಕೊನೆಗೆ ಇಬ್ಬರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತರು, ಇಬ್ಬರ ಕೈಯಲ್ಲೂ ಪಾಸ್‌ಪೋರ್ಟ್. ಟಿಕೆಟ್ ಅಲ್ಲೇ ಕೌಂಟರಿನಲ್ಲಿ ತೆಗೆಯುವುದೆಂದು ಹೊರಟೆವು. ಯಾರ ಹೆಸರಿಗೆ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ದೇವದಾಸರು ಹೊರಡುವಾಗ ಅಭ್ಯಾಸಬಲದಿಂದ ಮೊಳೆಯ ಮೇಲಿನ ಪಂಚಾಂಗವನ್ನೂ ಎತ್ತಿಕೊಂಡಿದ್ದರು. ಕನ್ನಡಿಯಲ್ಲಿ ನೋಡಿದೆ, ನಾರ್ಥೋಲ್ಟ್ ದಾಟುವಾಗ ಅದನ್ನು ತೆರೆದರು, ಮುಖ ಬೂದಿಯಂತಾಯಿತು, ಮುಚ್ಚಿದರು. ಅವತ್ತು ಅಮಾವಾಸ್ಯೆ ಎಂಬುದು ಆ ಗಡಿಬಿಡಿಯಲ್ಲಿ ಅವರಿಗೂ ನನಗೂ ಮರೆತೇಹೋಗಿತ್ತು.

ನಾನು ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಕಾದೆ. ಇಬ್ಬರೂ ಒಳಗೆ ಹೋದರು, ಚೀಲ ಪುಷ್ಪಾವತಿಯ ಕೈಯಲ್ಲಿತ್ತು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ. ದೇವದಾಸರು ಬಂದರೆ, ಮನೆಗೆ ಕರೆದುಕೊಂಡು ಹೋಗಿ ಆ ಒಂಟಿ ಮನುಷ್ಯನಿಗೆ ಏನು ಹೇಳಲಿ? ಪುಷ್ಪಾವತಿ ಬಂದರೆ ಅವಳಿಗೆ ಏನು ಹೇಳಲಿ? ದೇವರೇ, ಯಾರು ಬರಲಿ ಎಂದು ಕೇಳಿಕೊಳ್ಳುವುದಕ್ಕೂ ತೋಚಲಿಲ್ಲ.

ಬಾಗಿಲು ತೆರೆಯಿತು. ಪುಷ್ಪಾವತಿ ಒಬ್ಬಳೇ ಬರುತ್ತಿದ್ದಳು. ಚೀಲ ಇರಲಿಲ್ಲ. ಕೈಯಲ್ಲಿ ಪಂಚಾಂಗವಿತ್ತು.

ಕಾರಿನಲ್ಲಿ ಕೂತ ಮೇಲೆ ಹೇಳಿದಳು. "ನಾನೇ ಹೋತೆ ಅಂದೇಳಿ ಪಾಸ್‌ಪೋರ್ಟ್ ಕೌಂಟರಿಗ್ ಇಟ್ಟೆ ಅಮ್ಮ. ಆ ಹೆಣ್ಣ್ 'ರಿಟರ್ನ್ ಯಾವಾಗ' ಅಂದೇಳಿ ಕೇಂಡ್ಳ್. ನಂಗ್ ಬಾಯೇ ಬರ್ಲಿಲ್ಲೆ. ಇವ್ರ ಮುಖ ಕಂಡೆ. ಇವ್ರ್ ನನ್ ಪಾಸ್‌ಪೋರ್ಟ್ ಮೆಲ್ಲ ತೆಗ್ದ್ ಇವ್ರದ್ ಇಟ್ರ್." ಪಂಚಾಂಗವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಇದನ್ನ ಮನಿಗ್ ತಕಂಡ್ ಹೋಗ್ ಅಂದ್ರ್. ಇದ್ ಕೈಯಂಗ್ ಇದ್ರೆ ಇವತ್ತ್ ವಿಮಾನ ಹತ್ತುಕ್ ಧೈರ್ಯ ಬತ್ತಿಲ್ಲೆ ಅಂದ್ರ್."

ಅಮಾವಾಸ್ಯೆ, ಭಾನುವಾರ, ಸಂಜೆಯ ರಾಹುಕಾಲ. ಚಪ್ಪಲಿಗೂ ತಿಥಿ ನೋಡುವ ಮನುಷ್ಯ ಹೆದರಿ ಸಾಯುತ್ತಲೇ ಹೊರಟುಹೋಗಿದ್ದರು. ಅವತ್ತು ಅವರನ್ನು ಬೈಯಲು ನನಗೆ ನಾಲಿಗೆ ಏಳಲಿಲ್ಲ.

ಮರುದಿನ ಬೆಳಿಗ್ಗೆ, ಅವರು ಇನ್ನೂ ದಾರಿಯಲ್ಲಿರುವಾಗಲೇ, ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ಸುದ್ದಿ ಕೊಟ್ಟವಳು ಸುಶೀಲಾಬಾಯಿ. ಪ್ರೇಕ್ಷಾಳಿಗೆ ಜೀವದ ಭಯವಿಲ್ಲ, ಆದರೆ ಒತ್ತಡ ಇನ್ನೂ ಪೂರ್ತಿ ಇಳಿದಿಲ್ಲ ಎಂದಳು. ಪುಷ್ಪಾವತಿ ಎಷ್ಟು ಸಲ ಫೋನ್ ಮಾಡಿದರೂ ಮಗಳು ಎತ್ತಲಿಲ್ಲ.

ಆಮೇಲೆ ಬರತೊಡಗಿದ್ದು ದೇವದಾಸರ ಸಂದೇಶಗಳು. ಫೋನಿನಲ್ಲಿ ಬರೆಯುವುದೆಂದರೆ ಅವರಿಗೆ ಕಷ್ಟ, ಒಂದೊಂದು ಸಾಲು ಅಷ್ಟೆ. 'ಒಳ್ಗ್ ಬಪ್ಪುಕ್ ಬಿಡ್ಲಿಲ್ಲೆ. ಹೊರ್ಗ್ ಇದ್ದೆ.' 'ಗಂಜಿ ಕಳ್ಸ್‌ದೆ. ವಾಪಸ್ ಬಂತ್.' 'ಇವತ್ತೂ ವಾಪಸ್.' ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ಎದೆಯ ಮಾತ್ರೆ ನುಂಗುತ್ತ, ಫ್ಲಾಸ್ಕು ಇಟ್ಟುಕೊಂಡು ಕೂತ ಗಂಡ. ಒಳಗೆ ಮುಖ ತಿರುಗಿಸಿ ಮಲಗಿದ ಮಗಳು. ಇಬ್ಬರೂ ತನ್ನವರು, ತಾನು ಮಾತ್ರ ಪಾರ್ಕ್ ರಾಯಲ್‌ನಲ್ಲಿ ಬೂಟು ಹಾಕಿಕೊಂಡು ಹಿಟ್ಟು ತುಂಬಿಸುತ್ತಿದ್ದೇನೆ ಎಂದು ಪುಷ್ಪಾವತಿ ಒಂದು ದಿನ ತಲೆ ಚಚ್ಚಿಕೊಂಡಳು. ನಾನು ಕೈ ಹಿಡಿದುಕೊಂಡೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಮೂರು ದಿನ ಏನೂ ಬರಲಿಲ್ಲ. ಅವರ ಫೋನು ಆಫ್. ಸುಶೀಲಾಬಾಯಿಯೂ ಎತ್ತಲಿಲ್ಲ. ಎದೆನೋವು ಬಂತೋ ಏನೋ ಎಂದು ಇಬ್ಬರೂ ಯೋಚಿಸಿದೆವು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಮೂರನೆಯ ದಿನ ಅವಳು ಕೆಲಸಕ್ಕೆ ಹೋಗದೆ ಸೀರೆಗಳ ಕೆಳಗಿನಿಂದ ಪಾಸ್‌ಪೋರ್ಟ್ ತೆಗೆದು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಕೂತಳು. "ಈ ಸಲ ನನ್ನ್ ತಡೀಬೇಡಿ" ಎಂದಳು. ನಾನು ಕಾರಿನ ಕೀ ಹುಡುಕುತ್ತಿದ್ದೆ, ಸತ್ಯವಾಗಿ ಹೇಳುತ್ತೇನೆ. ಆಗ ಫೋನು ಟಿಣ್ ಎಂದಿತು. ಒಂದು ಚಿತ್ರ ಬಂದಿತ್ತು: ಹಿತ್ತಲಿನ ಹಗ್ಗದ ಮೇಲೆ ಸಾಲಾಗಿ ಒಣಹಾಕಿದ ಸೀರೆಯ ತುಂಡುಗಳು. ಕೆಳಗೆ ಎರಡು ಸಾಲು. 'ಫೋನ್ ನೀರಿಗ್ ಬಿದ್ದಿತ್ತ್. ನಿನ್ನೆ ಮನಿಗ್ ಬಂದೆವ್. ಮೆಣ್ಸಿನ್ ಸಾರ್ ಅರ್ಧ ಉಂಡ್ಳ್.'

ಪುಷ್ಪಾವತಿ ಆ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. "ಬಟ್ಟಿ ಹಿಂಡುದ್ ಕಾಣಿ, ಸಮ ಹಿಂಡ್ಲೇ ಇಲ್ಲೆ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲಿನ ದಿನಗಳಲ್ಲೂ ಪ್ರೇಕ್ಷಾ ತಾಯಿಯ ಜೊತೆ ಮಾತಾಡಲಿಲ್ಲ. ಮಗುವಿನ ಚಿತ್ರ ಬರುತ್ತಿತ್ತು, ದೇವದಾಸರು ಕಳಿಸಿದ್ದು. ಪುಷ್ಪಾವತಿ ಅದನ್ನು ನೋಡುವುದು, ಫೋನು ಮಗುಚಿಡುವುದು, ಕೆಲಸಕ್ಕೆ ಹೋಗುವುದು. ಮಗಳು ತನ್ನನ್ನು ತೊರೆದೇಬಿಟ್ಟಳು ಎಂದೇ ಅವಳು ತೀರ್ಮಾನಿಸಿದ್ದಳು.

ಮಾರ್ಚಿನಲ್ಲಿ, ಚಳಿ ಒಂಚೂರು ಸಡಿಲಿದ ಒಂದು ಮಧ್ಯಾಹ್ನ ವಂದನಾ ಫೋನ್ ಮಾಡಿದಳು. "ಬಂತು ಆಂಟಿ! ಗ್ರಾಂಟ್ ಆಗಿದೆ. ಇನ್ನು ಎಲ್ಲಿಗೆ ಬೇಕಾದ್ರೂ ಹೋಗಿ ಬನ್ನಿ, ಯಾರೂ ಕೇಳಲ್ಲ." ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಪುಷ್ಪಾವತಿ ಕೂಗಲಿಲ್ಲ. ಒದ್ದೆ ಕೈಯನ್ನೂ ಒರೆಸಿಕೊಳ್ಳದೆ ಮಗಳ ನಂಬರ್ ಒತ್ತಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಇನ್ನೇನು ಕಟ್ಟಾಗುತ್ತದೆ ಎನ್ನುವಾಗ ಪ್ರೇಕ್ಷಾ ಎತ್ತಿದಳು.

"ಮಗಾ, ಆಯ್ತ್! ನಾ ಇವತ್ತೇ ಹೊರ್ಡ್ತೆ. ನಾಳಿಕ್ ನಿನ್ ಹತ್ರ ಇರ್ತೆ!"

ಅತ್ತಕಡೆ ಮಗು ಅಳುತ್ತಿತ್ತು, ಯಾರೋ ದಪ್ಪ ಗಂಟಲಿನಲ್ಲಿ ಜೋಗುಳದಂತೆ ಏನೋ ಗುನುಗುತ್ತಿದ್ದರು. ಅಳು ನಿಂತಿತು. ಪ್ರೇಕ್ಷಾ ಧ್ವನಿ ತಗ್ಗಿಸಿ ಹೇಳಿದಳು, ಮಗು ಎಚ್ಚರಗೊಳ್ಳದಿರಲೆಂದು.

"ಗಡ್ಬಡಿ ಎಂತಕ್ಕಮ್ಮ? ಒಳ್ಳೆ ದಿನ ಕಂಡ್ಕಂಡೇ ಬಾ. ನೀ ಬಂದ್ರೆ ಅಪ್ಪಯ್ಯ ಲಂಡನ್ನಿಗ್ ಹೋತ್ರಂಬ್ರ್. ಇನ್ನೊಂಚೂರ್ ದಿನ ಇರ್ಲಿ ಅವ್ರ್. ಶಿಶು ಅವ್ರ್ ಎತ್ಕಂಡ್ರೇ ಮನಿಕಂಬುದ್."

ಪುಷ್ಪಾವತಿ ಫೋನಿಟ್ಟು ಕುರ್ಚಿಯಲ್ಲಿ ಕುಸಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳಲು ಆಗಲಿಲ್ಲ. "ಕೇಂಡ್ರಿಯಾ ಅಮ್ಮ? ನಾ ಇಬ್ರಿಗೂ ಬ್ಯಾಡ ಆದೆ" ಎಂದಳು. ಆಮೇಲೆ, "ಅಪ್ಪಯ್ಯ ಅಂದ್ಳ್ ಅಲ್ದಾ? ನಂಗ್ ಸಮ ಕೇಂಡಿತ್ ಅಲ್ದಾ?" ಎಂದು ನನ್ನನ್ನೇ ಕೇಳಿದಳು. ಹೌದು ಎಂದೆ. ಮೂಗು ಒರೆಸಿಕೊಂಡು ಮೊಳೆಯ ಕಡೆ ಕೈ ತೋರಿಸಿದಳು.

"ಪಂಚಾಂಗ ಕಾಣಿ ಅಮ್ಮ. ನನ್ ಕನ್ನಡಕ ಮೇಲಿತ್ತ್. ಹೊರ್ಡುಕೆ ಒಳ್ಳೆ ದಿನ ಯಾವತ್ತ್ ಇತ್ತ್ ಹೇಳಿ."

ನಾನು ಪಂಚಾಂಗ ತೆಗೆದು ಮೇಜಿನ ಮೇಲೆ ಬಿಡಿಸಿದೆ. ತಿಥಿ, ವಾರ, ಘಳಿಗೆ, ವಿಘಳಿಗೆ. ತಲೆಬುಡ ಒಂದೂ ಅರ್ಥವಾಗಲಿಲ್ಲ. ಆದರೂ ದೇವದಾಸರ ಹಾಗೆ ಹುಬ್ಬು ಗಂಟಿಕ್ಕಿ, ಬೆರಳನ್ನು ಸಾಲಿನ ಮೇಲೆ ಆಡಿಸಿ ಹೇಳಿದೆ:

"ಇವತ್ತೇ ಕಣೇ. ಇವತ್ತಿನಂಥ ಒಳ್ಳೇ ದಿನ ಇಡೀ ವರ್ಷದಲ್ಲಿ ಇನ್ನೊಂದಿಲ್ಲ. ಹೋಗು, ಸೀರೆ ಬದಲಾಯಿಸಿಕೊಂಡು ಬಾ, ಕಾರು ತೆಗೀತೀನಿ."